ಬೊರಾವಿಯಾದ ವಾಸ್ತುಶಾಂತಿ

ಆಮಂತ್ರಣ ಪತ್ರಿಕೆ ಎನ್ನುವುದು ಬಂದರೆ ಖರ್ಚು, ಬರದಿದ್ದರೆ ಅವಮಾನ. ಎರಡರಲ್ಲಿ ಯಾವುದು ವಾಸಿ ಎಂದು ಜುಗೂಳದ ಲಗಮಣ್ಣನನ್ನು ೧೯೮೭ರ ಬೇಸಿಗೆಗೆ ಮುಂಚೆ ಯಾರಾದರೂ ಕೇಳಿದ್ದರೆ, ಅವಮಾನವೇ ವಾಸಿ, ಬಸ್ ಚಾರ್ಜಾದರೂ ಉಳಿಯುತ್ತದೆ ಎನ್ನುತ್ತಿದ್ದ. ಆ ಬೇಸಿಗೆಯಲ್ಲಿ ಅವನ ಹೆಂಡತಿಯ ತಮ್ಮ ಬಾಬಾಸಾಹೇಬ ಚಿಕ್ಕೋಡಿಯಲ್ಲಿ ಎರಡಂತಸ್ತಿನ ಬಂಗಲೆ ಕಟ್ಟಿಸಿ ಮುಗಿಸಿದ. ಕಬ್ಬು, ದ್ರಾಕ್ಷಿ ಎರಡೂ ಕೈಹಿಡಿದ ಮನುಷ್ಯ. ಮೇ ಹತ್ತಕ್ಕೆ ವಾಸ್ತುಶಾಂತಿ ಎಂದು ಪತ್ರಿಕೆ ಹಂಚಿಸಿದ.

ಜುಗೂಳದಲ್ಲಿ ಆ ಪತ್ರಿಕೆ ಹೆಡ್‌ಮಾಸ್ತರ ವಿರುಪಾಕ್ಷಪ್ಪನವರಿಗೆ ಬಂತು. ಮಂಡಲ ಪಂಚಾಯಿತಿಯ ಪ್ರಧಾನ ಭಾವುಸಾಹೇಬರಿಗೆ ಬಂತು. ಲಗಮಣ್ಣನ ಪಕ್ಕದ ಮನೆಯ ಭೀಮಗೊಂಡನಿಗೆ ಬಂತು. ಬಾಬಾಸಾಹೇಬನ ಎತ್ತಿನ ಕಾಲನ್ನು ಒಂದು ಸಲ ಮುಟ್ಟಿ ನೋಡಿದ್ದ ಎಂಬ ಒಂದೇ ಪುಣ್ಯಕ್ಕೆ ದನದ ಡಾಕ್ಟರನಿಗೂ ಬಂತು. ಲಗಮಣ್ಣನಿಗೆ ಮಾತ್ರ ಬರಲಿಲ್ಲ.

“ಹೆಣ್ಣಮಕ್ಕಳ ಮನಿಗೆ ಯಾರರ ಕಾರ್ಡ ಕಳಸತಾರೇನ್ರಿ? ಮುರಾಳಿ ಬರತಾನ. ನನ್ನ ತಮ್ಮ ತಾನ ಬಂದ ಕರಕೊಂಡ ಹೋಗತಾನ,” ಎಂದಳು ಕಸ್ತೂರೆವ್ವ.

ಅವಳ ಮಾತು ಸರಿಯಾಗಿಯೇ ಇತ್ತು. ತವರಿನ ಕಾರ್ಯಕ್ಕೆ ಮಗಳನ್ನು ಕಾಗದ ಹಾಕಿ ಕರೆಯುವ ಪದ್ಧತಿ ಇಲ್ಲ. ಅಣ್ಣನೋ ತಮ್ಮನೋ ಮುರಾಳಿಯಾಗಿ ಬಂದು, ಒಂದು ಹೊತ್ತು ಉಂಡು, ಅವಳನ್ನು ಜೊತೆಗೆ ಕರೆದೊಯ್ಯಬೇಕು. ಹೊಸ ಮನೆಯ ಹೊಸ್ತಿಲನ್ನು ತುಂಬಿದ ಕೊಡ ಹೊತ್ತು ಮೊದಲು ದಾಟುವವಳು ಮನೆಮಗಳೇ. ತಾಯಿ ತೀರಿಕೊಂಡಾಗ ಬಾಬಾಸಾಹೇಬ ಎರಡು ವರ್ಷದ ಕೂಸು. ಅವನನ್ನು ಕಂಕುಳಲ್ಲಿ ಹೊತ್ತು ಬೆಳೆಸಿದ ಅಕ್ಕ ಕಸ್ತೂರೆವ್ವ, ಆ ದಿನಕ್ಕೆಂದು ತಾಮ್ರದ ಕೊಡವನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ ಆಗಲೇ ತಯಾರು ಇಟ್ಟಿದ್ದಳು. ಇದೆಲ್ಲ ಲಗಮಣ್ಣನಿಗೂ ಗೊತ್ತಿದ್ದದ್ದೇ. ಆದರೆ ದನದ ಡಾಕ್ಟರನಿಗೆ ಬಂದ ಕಾರ್ಡು ಅವನ ಗಂಟಲಲ್ಲಿ ಸಿಕ್ಕಿಕೊಂಡಿತ್ತು. ಹೆಂಡತಿಗೆ ಮುರಾಳಿ ಬರುವುದು ಸರಿ, ಎತ್ತಿನ ಕಾಲಿಗಿಂತ ಮನೆಯ ಅಳಿಯ ಕಡಿಮೆಯೇ ಎಂದು ಅವನ ವಾದ.

ಲಗಮಣ್ಣ ಕೃಷ್ಣೆಯ ದಂಡೆಯ ಮೇಲಿನ ಏತ ನೀರಾವರಿ ಸಂಘದಲ್ಲಿ ಪಂಪು ನಡೆಸುವವ. ಮುಂಜಾನೆ ಗುಂಡಿ ಒತ್ತಿದರೆ ಸಂಜೆ ಮತ್ತೆ ಒತ್ತುವುದು; ನಡುವೆ ಇರುವ ಹೊತ್ತೆಲ್ಲ ಟ್ರಾನ್ಸಿಸ್ಟರಿನದು. ಹೀಗೆ ಕಿವಿ ತಿರುವುತ್ತ ಕೂತಾಗ ಒಂದು ದಿನ ಅವನಿಗೆ ಬೊರಾವಿಯಾ ಎಂಬ ದೇಶ ಸಿಕ್ಕಿತು. ಆ ದೇಶದವರು ದಿನಾ ಹದಿನೈದು ನಿಮಿಷ ಹಿಂದಿಯಲ್ಲಿ ಮಾತಾಡಿ, ಕೇಳಿದವರು ಪತ್ರ ಬರೆಯಿರಿ ಎಂದು ಬೇಡಿಕೊಳ್ಳುತ್ತಿದ್ದರು. ಬೊರಾವಿಯಾ ಎಲ್ಲಿದೆ ಎಂದು ಶಾಲೆಯ ಭೂಪಟದಲ್ಲಿ ಹುಡುಕಿದರೆ, ಅದು ಇರಬೇಕಾದ ಜಾಗವನ್ನು ಹಿಂದಿನ ಮಳೆಗಾಲದಲ್ಲೇ ಗೆದ್ದಲು ತಿಂದಿತ್ತು. ಪಾಪ ಎನಿಸಿ, ಲಗಮಣ್ಣ ಹೆಡ್‌ಮಾಸ್ತರರಿಂದ ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರೆಸಿದ್ದ: ನಿಮ್ಮ ಆವಾಜು ಜುಗೂಳದಲ್ಲಿ ಸ್ವಚ್ಛ ಕೇಳುತ್ತದೆ, ಪಂಪಿನ ಸಪ್ಪಳ ಇಲ್ಲದಾಗ ಇನ್ನೂ ಸ್ವಚ್ಛ.

ಅದಕ್ಕೆ ಉತ್ತರ ಏಪ್ರಿಲ್ ಕೊನೆಗೆ ಬಂತು. ಟಪಾಲಿನ ಗಂಗಾರಾಮ ಅದನ್ನು ಮನೆಗೆ ಒಯ್ಯದೆ, ನಾಲ್ಕು ಮಂದಿ ನೋಡಲಿ ಎಂದು ಅಕ್ಕವ್ವನ ಚಹಾದಂಗಡಿಯಲ್ಲೇ ಕೊಟ್ಟ. ಕೈಗೆ ಜಾರುವಷ್ಟು ನುಣುಪಾದ ಕಾರ್ಡು. ಮೇಲೆ ಬಣ್ಣದ ಚಿತ್ರ: ಬಿಳಿಯ ದೊಡ್ಡ ಮನೆ, ಮುಂದೆ ಹೊಂಡ, ಬಾಗಿಲಲ್ಲಿ ಉದ್ದ ಟೊಪ್ಪಿಗೆಯ ಇಬ್ಬರು ಕಾವಲುಗಾರರು. ಹೆಡ್‌ಮಾಸ್ತರರು ಕನ್ನಡಕ ಏರಿಸಿ ಓದಿ ಅರ್ಥ ಹೇಳಿದರು: “ಮೇ ಹತ್ತನೇ ತಾರೀಖಿಗೆ ಬೊರಾವಿಯಾದ ಪ್ರಧಾನಮಂತ್ರಿಗಳು ತಮ್ಮ ಹೊಸಾ ಸರಕಾರಿ ಮನಿ ಪ್ರವೇಶ ಮಾಡತಾರ. ಈ ಸಂತೋಷದಾಗ ನಮ್ಮ ಕೇಳುಗರಾದ ಜುಗೂಳದ ಶ್ರೀ ಲಗಮಣ್ಣ ಅವರನ್ನ ನೆನಸತೇವಿ ಅಂತ ಬರದಾರ.”

ಪತ್ರ ಬರೆದ ಪ್ರತಿಯೊಬ್ಬರಿಗೂ ಆ ರೇಡಿಯೋದವರು ಇದೇ ಕಾರ್ಡು ಕಳಿಸಿದ್ದರು ಎಂಬುದನ್ನು ಇಲ್ಲಿ ಓದುಗರಿಗೆ ಹೇಳಿಬಿಡುವುದು ಒಳ್ಳೆಯದು. ಅಂಗಡಿಯಲ್ಲಿ ಅದನ್ನು ಹೇಳುವವರು ಯಾರೂ ಇರಲಿಲ್ಲ. ಹೊಸ ಮನೆ, ಪ್ರವೇಶ, ತಾರೀಖು, ನಮ್ಮ ಹೆಸರು, ಈ ನಾಲ್ಕು ಒಂದೇ ಕಾಗದದಲ್ಲಿ ಬಂದರೆ ನಮ್ಮ ಕಡೆ ಅದಕ್ಕೆ ಆಮಂತ್ರಣ ಎಂದೇ ಅರ್ಥ.

ಆದರೂ ಲಗಮಣ್ಣ ಕಾರ್ಡನ್ನು ಕಿಸೆಗೆ ಹಾಕಿ ಸುಮ್ಮನೆ ಎದ್ದು ಹೋಗುತ್ತಿದ್ದ. ಭೀಮಗೊಂಡ ಬಿಡಬೇಕಲ್ಲ. ಬಾಬಾಸಾಹೇಬನ ಕಾರ್ಡು ಲಗಮಣ್ಣನಿಗೆ ಬಂದಿಲ್ಲ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಬಸಿಗೆ ಚಹಾ ಸುರಿದುಕೊಳ್ಳುತ್ತ ಕೇಳಿದ:

“ಲಗಮಣ್ಣಾ, ಹತ್ತನೇ ತಾರೀಖ ಚಿಕ್ಕೋಡಿಗೆ ಯಾವ ಬಸ್ಸಿಗೆ ಹೊಂಟೀಯೋಪಾ?”

ಅಂಗಡಿಯಲ್ಲಿ ಎಲ್ಲರ ಬಸಿಯೂ ತುಟಿಯ ಹತ್ತಿರ ನಿಂತಿತು.

“ಚಿಕ್ಕೋಡೀದ ಏನ ಹಚ್ಚೀಯೋ ಭೀಮಗೊಂಡ?” ಎಂದ ಲಗಮಣ್ಣ. ಬಾಯಿ ಅವನದೇ, ಮಾತು ಮಾತ್ರ ಎಲ್ಲಿಂದ ಬಂತೋ ಅವನಿಗೂ ತಿಳಿಯಲಿಲ್ಲ. “ಅವತ್ತ ನಮಗ ಬ್ಯಾರೆ ವಾಸ್ತುಶಾಂತಿ ಐತಿ. ಪಂತಪ್ರಧಾನರದು. ಒಂದ ದಿನಕ್ಕ ಎರಡ ಕಡೆ ಹ್ಯಾಂಗ ಹೋಗಾಕ ಬರತೈತಿ?”

ಕಾರ್ಡು ಕೈಯಿಂದ ಕೈಗೆ ಹೋಯಿತು. ಅಕ್ಕವ್ವ ಅದರ ನಾಲ್ಕೂ ಮೂಲೆ ನೋಡಿ ಮೂಗು ಮುರಿದಳು. “ಅರಿಷಿಣ-ಕುಂಕಮ ಹಚ್ಚೇ ಇಲ್ಲಲ್ಲೋ. ಸೂತಕದ ಕಾಗದ ಇದ್ದಂಗ ಐತಿ.”

“ಅವರ ದೇಶದಾಗ ಅರಿಷಿಣ ಬೆಳೀಬೇಕಲ್ಲ ಅಕ್ಕವ್ವ? ಎಲ್ಲಾ ಬರ್ಫ,” ಎಂದರು ಹೆಡ್‌ಮಾಸ್ತರರು.

“ಆಹೇರ ತರಬ್ಯಾಡ್ರಿ ಅಂತೇನರ ಬರದಾರೇನು?” ಎಂದು ಭೀಮಗೊಂಡ ಉಡುಗೊರೆಯ ಮಾತು ತೆಗೆದ.

ಹೆಡ್‌ಮಾಸ್ತರರು ಹಿಂದೆ ಮುಂದೆ ತಿರುವಿ ನೋಡಿದರು. “ಹಂಗೇನ ಬರದಿಲ್ಲ.”

“ಅಂದ್ರ ತಗೋತಾರ,” ಎಂದು ಭೀಮಗೊಂಡ ತೀರ್ಪು ಕೊಟ್ಟ.

ಸಂಜೆಯೊಳಗೆ ಈ ಸುದ್ದಿ ಊರೆಲ್ಲ ತಿರುಗಿ ಕಸ್ತೂರೆವ್ವನ ಅಡುಗೆಮನೆಗೂ ಬಂತು. ಆ ರಾತ್ರಿಯಿಂದ ಝುಣಕಕ್ಕೆ ಉಪ್ಪು ಬೀಳುವುದು ನಿಂತಿತು.

ಲಗಮಣ್ಣ ಮೂರ್ಖನೇನಲ್ಲ. ಹಾಕಿಕೊಂಡ ಗಂಟನ್ನು ಬಿಚ್ಚುವ ಉಪಾಯ ಅವನಿಗೆ ಮರುದಿನವೇ ಹೊಳೆಯಿತು. ರಜೆ ಕೇಳುವುದು, ಬೇಸಿಗೆಯಲ್ಲಿ ಪಂಪು ಬಿಟ್ಟು ಹೋಗಲು ಯಾರೂ ರಜೆ ಕೊಡುವುದಿಲ್ಲ, ‘ಏನ ಮಾಡಬೇಕ್ರಿ, ಪಂತಪ್ರಧಾನರ ಮನಸ ಮುರದಂಗಾತು’ ಎಂದು ನಾಲ್ಕು ದಿನ ಮೋರೆ ಇಳಿಬಿಟ್ಟುಕೊಂಡು ತಿರುಗುವುದು. ಅರ್ಜಿ ಬರೆದ. ಸಂಘದ ಚೇರಮನ್ನರೂ ಪ್ರಧಾನ ಭಾವುಸಾಹೇಬರೇ. ಅವರು ಅರ್ಜಿಯನ್ನು ಎರಡು ಸಲ ಓದಿ, ಎದ್ದು ನಿಂತು, ಮತ್ತೆ ಕೂತರು.

“ಎರಡ ದಿವಸದ ರಜಾ ಕೇಳೀಯಲ್ಲೋ ಹುಚ್ಚ, ಎರಡ ದಿವಸದಾಗ ಏನ ಆಗತೈತಿ? ಹದಿನೈದ ದಿವಸ ತಗೋ. ಪಂಪಿಗೆ ನಾ ಮಂದಿ ಹಚ್ಚತೇನಿ.”

“ಬ್ಯಾಸಗಿ ಐತಿರಿ ಸಾಹೇಬ್ರ... ಪೀಕ ಒಣಗತೈತಿ...”

“ಒಣಗಲಿ. ಅಲ್ಲೋ, ಅವರೂ ಪ್ರಧಾನರು, ನಾವೂ ಪ್ರಧಾನರು. ಒಬ್ಬ ಪ್ರಧಾನರ ಕಾರ್ಯಕ್ಕ ಇನ್ನೊಬ್ಬ ಪ್ರಧಾನರು ಅಡ್ಡ ಬಂದ್ರ ನಾಳೆ ನಮ್ಮ ಕಾರ್ಯಕ್ಕ ಯಾರ ಬರತಾರ?” ಎಂದು ಅವರು ಸಹಿ ಹಾಕಿ, ಒಳಗಿನಿಂದ ಜರಿಯ ರುಮಾಲು ತರಿಸಿ ಕೊಟ್ಟರು. “ಇದು ನನ್ನ ಕಡೆಯಿಂದ ಆಹೇರ. ಸುತ್ತಾಕ ಬರದಿದ್ರ ನೀನ ಸುತ್ತಿ ತೋರಸು. ಹಂಗ ಮಾತಿನ್ಯಾಗ ಮಾತ, ನಮ್ಮೂರಿಗೆ ಮುಂಜಾನಿ ಇನ್ನೊಂದ ಬಸ್ ಬೇಕಾಗೇತಿ ಅಂತ ಅವರ ಕಿವಿಮ್ಯಾಲ ಹಾಕು.”

ಒಬ್ಬರು ಕಾರ್ಯಕ್ಕೆ ಹೊರಟರೆ, ಹೋಗಲಾಗದವರು ಅವರ ಕೈಯಲ್ಲಿ ಆಹೇರ ಕೊಟ್ಟು ಕಳಿಸುವುದು ನಮ್ಮ ಕಡೆಯ ರೂಢಿ. ಪ್ರಧಾನರೇ ಕೊಟ್ಟ ಮೇಲೆ ಊರು ತಡೆಯುತ್ತದೆಯೇ? ಕೊಟ್ಟವರ ಹೆಸರಿನ ಚೀಟಿಗಳ ಸಮೇತ ಲಗಮಣ್ಣನ ಪಡಸಾಲೆ ತುಂಬತೊಡಗಿತು. ತೆಂಗಿನಕಾಯಿ, ಕುಬಸದ ಖಣ, ಇಳಕಲ್ಲ ಸೀರೆ. ಕುರಿ ಸಾಕುವ ದುಂಡವ್ವ ತಾನೇ ನೂತ ಉಣ್ಣೆಯ ಕಂಬಳಿ ತಂದಳು. “ಅಲ್ಲಿ ಬರ್ಫ ಬೀಳತೈತೆಂತ ಮಾಸ್ತರ ಅಂದ್ರು. ಪಾಪ, ಅಷ್ಟ ದೊಡ್ಡ ಮನಿ, ಥಂಡಿ ಎಷ್ಟಿರಬೇಕ ಒಳಗ. ಇದನ್ನ ಹೊಚ್ಚಗೋ ಅಂತ ಹೇಳ ತಮ್ಮಾ.” ಭೀಮಗೊಂಡ ಎಂಥ ಜುಗ್ಗನೆಂದರೆ ಸ್ವಂತ ಷಡ್ಡಕನ ಮದುವೆಗೆ ಒಡೆದ ತೆಂಗಿನಕಾಯಿ ಒಯ್ದಿದ್ದವ, ಅವನೂ ರೇಷ್ಮೆ ಅಂಚಿನ ಧೋತರ ತಂದ. ಮುಯ್ಯಿಗೆ ಮುಯ್ಯಿ ತಿರುಗಿ ಬರಲೇಬೇಕು, ಬಂದರೆ ಫಾರಿನ್ನಿನದೇ ಬರುತ್ತದೆ ಎಂಬುದು ಅವನ ಲೆಕ್ಕಾಚಾರ.

ಸರಕಾರವೂ ಸುಮ್ಮನೆ ಕೂಡಲಿಲ್ಲ. ಪರದೇಶದ ಪ್ರಧಾನಮಂತ್ರಿಯ ಹೆಸರಿದ್ದ ರಜೆಯ ಅರ್ಜಿ ಮೇಲಿನ ಕಚೇರಿಗೆ ಹೋಗಿ ಅಲ್ಲಿಂದ ಠಾಣೆಗೆ ಇಳಿಯಿತು. ಹವಾಲ್ದಾರ ಕಾಮಣ್ಣ ಸೈಕಲ್ ಹೊಡೆದುಕೊಂಡು ವಿಚಾರಣೆಗೆ ಬಂದ. ಲಗಮಣ್ಣನ ಜೀವಕ್ಕೆ ತಂಪಾಯಿತು. ಇವನಾದರೂ ತಡೆದರೆ ಬದುಕಿದೆ ಎಂದುಕೊಂಡ.

“ಪಾಸಪೋರ್ಟ ಐತೇನ?” ಎಂದು ಕಾಮಣ್ಣ ಗುಡುಗಿದ.

“ಇಲ್ಲರಿ,” ಎಂದ ಲಗಮಣ್ಣ ಉತ್ಸಾಹದಿಂದ.

“ಕಾರ್ಡ ಐತಿ,” ಎಂದು ಪಕ್ಕದಲ್ಲಿ ನಿಂತಿದ್ದ ಭೀಮಗೊಂಡ ಸಾಕ್ಷಿ ನುಡಿದ. “ಹವಾಲ್ದಾರ್ರ, ಕರೀದ ಹೋಗವರಿಗೆ ಪಾಸಪೋರ್ಟ ಬೇಕು. ಕಾರ್ಡ ಕಳಿಸಿ ಕರದವರಿಗೆ ಯಾತಕ್ಕ? ನೀವ ಮಿರಜಕ್ಕ ಮದವಿಗೆ ಹೋದಾಗ ಮಹಾರಾಷ್ಟ್ರದವರು ಪಾಸಪೋರ್ಟ ಕೇಳಿದ್ರೇನು?”

ಕಾಮಣ್ಣ ಇದನ್ನು ವಿಚಾರ ಮಾಡಿದ. ಕಾನೂನಿನ ಯಾವ ಕಡೆಯಿಂದ ನೋಡಿದರೂ ಮಾತು ಗಟ್ಟಿಯಾಗಿ ಕಂಡಿತು. ‘ಆಮಂತ್ರಣ ಇರುವುದು ಖರೆ’ ಎಂದು ಬರೆದುಕೊಂಡು ಚಹಾ ಕುಡಿದ. ಮರುದಿನ ಅವನ ಮನೆಯಿಂದಲೂ ಒಂದು ಖಣ, ಐದು ತೆಂಗಿನಕಾಯಿ ಬಂದವು.

ಈ ನಡುವೆ ದಿನಾ ಸಂಜೆ ನಾಲ್ಕರ ಬಸ್ಸಿನ ಹೊತ್ತಿಗೆ ಕಸ್ತೂರೆವ್ವ ಹೊಸ್ತಿಲಲ್ಲಿ ನಿಲ್ಲುತ್ತಿದ್ದಳು. ತಮ್ಮ ಇಳಿಯುತ್ತಿರಲಿಲ್ಲ. ಮೇ ಎಂಟಕ್ಕೆ ಚಿಕ್ಕೋಡಿಯಿಂದ ಮರಳಿದ ದನದ ಡಾಕ್ಟರು ಬಾಬಾಸಾಹೇಬನ ಮಾತನ್ನು ಇದ್ದಂತೆ ಒಪ್ಪಿಸಿದ. ‘ಅಕ್ಕ-ಮಾಮಾ ಪಂತಪ್ರಧಾನರ ಮನಿಗೆ ಹೊಂಟಾರಂತ. ಅಂಥಾದ್ದ ಬಿಟ್ಟ ನನ್ನ ಮನಿಗೆ ಬರ್ರಿ ಅಂತ ಹ್ಯಾಂಗ ಕರಿಯಾಕ ಹೋಗ್ಲಿ?’ ಎಂದು ಅವನು ಕಣ್ಣಲ್ಲಿ ನೀರು ತಂದುಕೊಂಡನಂತೆ.

ಕಸ್ತೂರೆವ್ವ ಒಳಗೆ ಹೋಗಿ ತಾಮ್ರದ ಕೊಡವನ್ನು ತಂದು ಗಂಡನ ಮುಂದಿಟ್ಟಳು. “ಇದನ್ನೂ ಒಯ್ಯಿರಿ. ಅಲ್ಲಿ ಯಾವಾಕಿನರ ಹೊತಗೊಂಡ ಹೋಗಲಿ. ಇಲ್ಲಿ ಇದರದೇನ ಕೆಲಸ ಇಲ್ಲ.”

ಉಪ್ಪಿಲ್ಲದ ಝುಣಕವನ್ನು ಹತ್ತು ದಿನ ತಿಂದವನಿಗೆ ಈ ಮಾತು ಮಾತ್ರ ಇಳಿಯಲಿಲ್ಲ. ಎಲ್ಲರೆದುರು ನಿಜ ಹೇಳಿಬಿಡಬೇಕು ಎಂದು ಲಗಮಣ್ಣ ನಿಶ್ಚಯ ಮಾಡಿದ. ಒಂಬತ್ತನೇ ತಾರೀಖಿನ ಬೆಳಿಗ್ಗೆ ಆ ಅವಕಾಶವೂ ಬಂತು. ವಿಮಾನಕ್ಕೆ ಒಂದೇ ದಿನ ಸಾಕು ಎಂದು ಹೆಡ್‌ಮಾಸ್ತರರು ಲೆಕ್ಕ ಹಾಕಿದ್ದರಿಂದ ಊರೇ ಅವತ್ತು ಬಸ್‌ಸ್ಟ್ಯಾಂಡಿಗೆ ಬಂದಿತ್ತು. ಹಲಗಿ, ಶಹನಾಯಿ ಮೊಳಗುತ್ತಿದ್ದವು. ಲಗಮಣ್ಣ ಕಟ್ಟೆಯ ಮೇಲೆ ನಿಂತು, “ಮಂದಿ ಕೇಳ್ರಿ, ನಾ ಖರೇ ಹೇಳಬೇಕಂದ್ರ...” ಎಂದು ಬಾಯಿ ತೆರೆದ. ಅದೇ ಹೊತ್ತಿಗೆ ಭಾವುಸಾಹೇಬರು ಚೆಂಡುಹೂವಿನ ಹಾರ ಹಾಕಿದರು. ಹಾರ ಕೊರಳಿಗೆ ಇಳಿಯುವ ಮೊದಲು ಬಾಯಿಗೆ ಹೋಯಿತು. ಹೂ ಉಗುಳುವಷ್ಟರಲ್ಲಿ ಆಹೇರದ ಗಂಟುಗಳ ಸಮೇತ ಅವನನ್ನು ಮಿರಜದ ಬಸ್ಸಿಗೆ ಏರಿಸಿಯಾಗಿತ್ತು. ಕಂಡಕ್ಟರು ತೆಂಗಿನಕಾಯಿಗೆ ಅರ್ಧ ಟಿಕೀಟು ಹರಿದ.

ಮಿರಜದ ರೈಲ್ವೆ ಸ್ಟೇಶನ್ನಿನ ಮುಂದೆ ಅವನು ಇಳಿದ. ಎದುರಿಗೆ ಮುಂಬೈ ಕಡೆಯ ರೈಲು ನಿಂತಿತ್ತು. ಬೊರಾವಿಯಾಕ್ಕೆ ಇಲ್ಲಿಯ ತನಕವಾದರೂ ದಾರಿ ಸರಿಯಾಗಿತ್ತು. ಗಂಟುಗಳ ಮೇಲೆ ಕೂತು ಒಂದು ಚಹಾ ಕುಡಿದ. ಹದಿನೈದು ದಿನ ಎಲ್ಲಾದರೂ ಧರ್ಮಶಾಲೆಯಲ್ಲಿ ಬಿದ್ದಿದ್ದು ಊರಿಗೆ ಮರಳಿದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಗಂಟುಗಳ ನಡುವಿನಿಂದ ತಾಮ್ರದ ಕೊಡ ಹೊಳೆಯುತ್ತ ಇಣುಕುತ್ತಿತ್ತು. ಲಗಮಣ್ಣ ಬಸಿಯನ್ನು ಕೆಳಗಿಟ್ಟು, ಹಮಾಲನನ್ನು ಕರೆದು, ಚಿಕ್ಕೋಡಿಯ ಬಸ್ಸಿಗೆ ಎಲ್ಲವನ್ನೂ ಏರಿಸಿದ.

ಮಧ್ಯಾಹ್ನದ ಹೊತ್ತಿಗೆ ಬಾಬಾಸಾಹೇಬ ಬಂಗಲೆಯ ಮುಂದೆ ಮಾವಿನ ತೋರಣ ಕಟ್ಟಿಸುತ್ತಿದ್ದ. ಗೇಟಿನಲ್ಲಿ ಹಾರ ಹಾಕಿಕೊಂಡ ಮನುಷ್ಯನೊಬ್ಬ ಗಂಟುಗಳ ಜೊತೆ ಟಾಂಗಾದಿಂದ ಇಳಿದದ್ದನ್ನು ನೋಡಿ ಏಣಿಯ ಮೇಲಿದ್ದವರೂ ಇಳಿದು ಬಂದರು.

“ಮಾಮಾ! ನೀವ ವಿಮಾನದಾಗ ಇರಬೇಕಿತ್ತಲ್ರಿ!”

“ಬಾಬಾಸಾಹೇಬ, ನಾ ಎಲ್ಲೂ ಹೊಂಟಿಲ್ಲ,” ಎಂದ ಲಗಮಣ್ಣ. ಈ ಸಲ ಬಾಯಿಗೆ ಯಾವ ಹೂವೂ ಅಡ್ಡ ಬರಲಿಲ್ಲ. “ದನದ ಡಾಕ್ಟರಗ ಕಾರ್ಡ ಕೊಟ್ಟ ನನಗ ಕೊಡಲಿಲ್ಲಂತ ಸಿಟ್ಟಿಗೆ ಹಂಗ ಅಂದ್ನಿ. ನನಗ ಯಾವ ಪಂತಪ್ರಧಾನನೂ ಕರದಿಲ್ಲ. ನಿಮ್ಮಕ್ಕ ಅಲ್ಲಿ ಹೊಸ್ತಲದಾಗ ನಿಂತ ನಿನ್ನ ದಾರಿ ನೋಡಾಕತ್ತಾಳ. ಜೀಪ ತಗಿ.”

ನಿಜವನ್ನು ಇಷ್ಟು ನೆಟ್ಟಗೆ ಹೇಳಿದರೆ ನಂಬುವವರು ಯಾರು? ಬಾಬಾಸಾಹೇಬ ಒಂದೊಂದೇ ನೋಡಿದ: ಹಾರ, ರುಮಾಲು, ಇಳಕಲ್ಲ ಸೀರೆಗಳು, ಬೆಟ್ಟದಂಥ ತೆಂಗಿನಕಾಯಿ. “ನನ್ನ ಸಲುವಾಗಿ ಪಂತಪ್ರಧಾನರ ಕಾರ್ಯ ಬಿಟ್ಟ ಬಂದ್ರಿ. ಅದನ್ನ ಬಾಯಿಬಿಟ್ಟ ಹೇಳವಲ್ರಿ. ದೊಡ್ಡವರ ಅದೀರಿ ಮಾಮಾ!” ಎಂದು ಕಾಲಿಗೆ ಬಿದ್ದ. ಲಗಮಣ್ಣ ಅಲ್ಲ ಅಲ್ಲ ಎಂದಷ್ಟೂ ದೊಡ್ಡವನಾಗುತ್ತ ಹೋದ. ಬಾಬಾಸಾಹೇಬ ತಾನೇ ಕೂತ ಜೀಪು ಧೂಳೆಬ್ಬಿಸಿ ಜುಗೂಳಕ್ಕೆ ಹೋಗಿ, ಸೂರ್ಯ ಮುಳುಗುವುದರೊಳಗೆ ಕಸ್ತೂರೆವ್ವನನ್ನು ಕರೆತಂದಿತು.

ಮರುದಿನ ಅವಳು ಕೊಡ ಹೊತ್ತು ಹೊಸ್ತಿಲು ದಾಟಿದಳು. ನೀರು ಒಂದು ಹನಿಯೂ ತುಳುಕಲಿಲ್ಲ, ತುಳುಕಿದ್ದೆಲ್ಲ ಕಣ್ಣಿನದು. ಇಷ್ಟರಲ್ಲೇ ಕಥೆ ಮುಗಿಯಬೇಕಿತ್ತು. ಆದರೆ ಜುಗೂಳದ ಅರ್ಧ ಊರಿನ ಕೈಯಲ್ಲಿ ಬಾಬಾಸಾಹೇಬನ ಕಾರ್ಡು ಇತ್ತು ಎಂಬುದನ್ನು ಲಗಮಣ್ಣ ಮರೆತಿದ್ದ.

ಅವರು ಟ್ರ್ಯಾಕ್ಟರಿನಲ್ಲಿ ಬಂದರು. ಪಂಕ್ತಿಯಲ್ಲಿ ಕೂತು ಗೋಧಿ ಹುಗ್ಗಿಗೆ ಕೈ ಹಾಕಿದಾಗ, ತುಪ್ಪದ ತಂಬಿಗೆ ಹಿಡಿದು ಬಡಿಸಲು ಬಂದವನು, ಆ ಹೊತ್ತಿಗೆ ಬೊರಾವಿಯಾದಲ್ಲಿ ಇರಬೇಕಾದ ಮನುಷ್ಯ. ಭೀಮಗೊಂಡನ ತುತ್ತು ಬಾಯಿಯ ದಾರಿಯಲ್ಲೇ ನಿಂತಿತು. ಲಗಮಣ್ಣ ತುಪ್ಪವನ್ನು ಎಲೆ ಬಿಟ್ಟು ಅವನ ಮೊಣಕಾಲ ಮೇಲೆ ಬಡಿಸಿದ.

“ಲೇ, ನಮ್ಮ ಆಹೇರ ಎಲ್ಲೈತಿ?” ಎಂದು ಭೀಮಗೊಂಡ ಹಲ್ಲು ಕಚ್ಚಿ ಕೇಳಿದ.

ಉತ್ತರ ಮೇಲಿನಿಂದ, ಲೌಡ್‌ಸ್ಪೀಕರಿನಿಂದ ಬಂತು. ನಮ್ಮ ಕಡೆ ಆಹೇರವನ್ನು ಮೈಕಿನಲ್ಲಿ ಕೂಗಿ ಹೇಳದಿದ್ದರೆ ಅದು ಮುಟ್ಟಿದಂತೆ ಅಲ್ಲ. ಬಾಬಾಸಾಹೇಬ ಮೈಕು ಹಿಡಿದಿದ್ದ. “ಬಂಧುಗಳೇ! ಪಂತಪ್ರಧಾನರ ವಾಸ್ತುಶಾಂತಿ ಬಿಟ್ಟ ನಮ್ಮ ಮಾಮಾ ನನ್ನ ಮನಿಗೆ ಬಂದಾರ. ಅವರಿಗಂತ ತಗದಿಟ್ಟ ಆಹೇರನ್ನೂ ಜುಗೂಳದ ಮಂದಿ ನನಗ ಕೊಟ್ಟ ಕಳಿಸ್ಯಾರ! ಜುಗೂಳದ ಭೀಮಗೊಂಡ ಅವರಿಂದ, ರೇಷ್ಮಿ ಅಂಚಿನ ಧೋತರಾ! ಚಪ್ಪಾಳೆ!”

ಇಡೀ ಚಿಕ್ಕೋಡಿ ಚಪ್ಪಾಳೆ ತಟ್ಟಿತು. ಆ ದಿನಕ್ಕೆಂದು ಭೀಮಗೊಂಡ ತಂದಿದ್ದ ಒಂದೇ ತೆಂಗಿನಕಾಯಿ ಅವನ ಚೀಲದಲ್ಲೇ ಉಳಿಯಿತು. ಅಲ್ಲ ಎನ್ನಲು ಬರುವುದಿಲ್ಲ, ಹೌದು ಎನ್ನಲು ಹೊಟ್ಟೆ ಒಪ್ಪುವುದಿಲ್ಲ. ಎದ್ದು ಕೈ ಮುಗಿದ. ಭಾವುಸಾಹೇಬರ ರುಮಾಲನ್ನು ಬಾಬಾಸಾಹೇಬ ಅಲ್ಲೇ ತಲೆಗೆ ಸುತ್ತಿಕೊಂಡ. ಹವಾಲ್ದಾರನ ಖಣ ಬಂತು, ಹೆಸರು ಬಂತು, ಚಪ್ಪಾಳೆ ಬಂತು. ಕೊನೆಗೆ ದುಂಡವ್ವನ ಕಂಬಳಿ. ಮೇ ತಿಂಗಳ ನಡು ಮಧ್ಯಾಹ್ನ ಬಾಬಾಸಾಹೇಬ ಅದನ್ನು ಹೊದ್ದು ನಿಂತ, ಬೆವರು ಮೈಕಿನ ಮೇಲೆ ತೊಟ್ಟಿಕ್ಕುತ್ತಿದ್ದರೂ ತೆಗೆಯಲಿಲ್ಲ.

ಜೂನ್ ಮೊದಲ ವಾರ ಲಗಮಣ್ಣ ಮತ್ತೆ ಪಂಪಿನ ಮನೆಯಲ್ಲಿ ಕೂತು ಟ್ರಾನ್ಸಿಸ್ಟರಿನ ಕಿವಿ ತಿರುವಿದ. ಬೊರಾವಿಯಾದ ಸುದ್ದಿ ಬಂತು. ಸಂಸತ್ತಿನಲ್ಲಿ ಸರಕಾರ ಬಿದ್ದಿತ್ತು. ಪ್ರಧಾನಮಂತ್ರಿಗಳು ಹೊಸ ನಿವಾಸವನ್ನು ಪ್ರವೇಶಿಸಿ ಮೂರೇ ವಾರಕ್ಕೆ ಖಾಲಿ ಮಾಡಿ ಹೋಗಿದ್ದರು.

ಅಕ್ಕವ್ವನ ಅಂಗಡಿಯಲ್ಲಿ ಇದನ್ನು ಕೇಳಿ ಯಾರಿಗೂ ಆಶ್ಚರ್ಯವಾಗಲಿಲ್ಲ. “ಅರಿಷಿಣ-ಕುಂಕಮ ಹಚ್ಚಲಾರದ ಕಾರ್ಡ,” ಎಂದಳು ಅಕ್ಕವ್ವ. “ಅಂವಗ ಹೊಂಟ ಆಹೇರ ನಡಬರಕ ತಿರಗೇತಿ. ಮನಿ ಹ್ಯಾಂಗ ದಕ್ಕತೈತಿ?” ಎಂದ ಭೀಮಗೊಂಡ. “ನನ್ನ ಕಂಬಳಿಯರ ಮುಟ್ಟಿದ್ರ,” ಎಂದು ದುಂಡವ್ವ ನಿಟ್ಟುಸಿರು ಬಿಟ್ಟಳು. ಒಂದು ದೇಶದ ಸರಕಾರ ಬಿದ್ದದ್ದು ತನ್ನಿಂದಲೇ ಎಂದು ಲಗಮಣ್ಣನಿಗೂ ಅನ್ನಿಸಿ, ಅವನು ಚಹಾ ಕುಡಿಯದೆ ಮನೆಗೆ ಬಂದ.

ಕಸ್ತೂರೆವ್ವ ರೊಟ್ಟಿ ಬಡಿಯುತ್ತ ಎಲ್ಲವನ್ನೂ ಕೇಳಿದಳು. “ಮನಿ ಬಿಟ್ಟ ಎಲ್ಲಿಗೆ ಹೋದ್ರಂತ್ರಿ?”

“ಅದನ್ನ ರೇಡಿಯೋದಾಗ ಹೇಳಲಿಲ್ಲ.”

“ಅಕ್ಕ-ತಂಗೇರ ಯಾರೂ ಇಲ್ಲೇನು ಪಾಪ ಅವಗ, ಕರಕೊಂಡ ಹೋಗಾಕ?” ಅವಳು ರೊಟ್ಟಿಯನ್ನು ಹೆಂಚಿನ ಮೇಲೆ ಹಾಕಿದಳು. “ನಿಮ್ಮನ್ನ ನೆನಸಿ ಕಾರ್ಡ ಕಳಿಸಿದ ಮನಶ್ಯಾ. ಒಂದ ಕಾಗದ ಹಾಕ್ರಿ. ಮನಿ ಸಿಗೂತನಾ ನಮ್ಮಲ್ಲೇ ಬಂದ ಇರಲಿ. ಹಿಂದಿನ ಖೋಲಿ ಖಾಲಿನ ಐತಿ, ಉಳ್ಳಾಗಡ್ಡಿ ತಗದ್ರ ಆತು.”

ಆ ದಿನದ ಝುಣಕಕ್ಕೆ ಉಪ್ಪು ಹದವಾಗಿತ್ತು. ಲಗಮಣ್ಣ ಕೈ ತೊಳೆದು ನೆಟ್ಟಗೆ ಹೆಡ್‌ಮಾಸ್ತರರ ಮನೆಗೆ ಹೋಗಿ ಕಾಗದ ಬರೆಸಿದ. ಕಸ್ತೂರೆವ್ವ ಅದರ ನಾಲ್ಕೂ ಮೂಲೆಗೆ ತಾನೇ ಅರಿಷಿಣ-ಕುಂಕುಮ ಹಚ್ಚಿದಳು. ಮರುದಿನ ಅದನ್ನು ಗಂಗಾರಾಮನ ಕೈಗೆ ಕೊಟ್ಟದ್ದು, ಬೇರೆಲ್ಲೂ ಅವನು ಸಿಗದ ಕಾರಣ, ಅಕ್ಕವ್ವನ ಅಂಗಡಿಯಲ್ಲಿಯೇ. ಮೇಲಿನ ವಿಳಾಸವನ್ನು ಎಲ್ಲರೂ ಓದಿದರು; ಒಳಗಿನ ಕರೆಯನ್ನು ಹೆಡ್‌ಮಾಸ್ತರರು ಆಗಲೇ ಹೇಳಿದ್ದರು. ಭೀಮಗೊಂಡ ಬಸಿಯನ್ನು ಮೆಲ್ಲಗೆ ಕೆಳಗಿಟ್ಟು, ಹೆಗಲ ಮೇಲಿನ ವಸ್ತ್ರ ಸರಿಮಾಡಿಕೊಂಡು, ಈ ಸಲ ನಗದೆ ಕೇಳಿದ:

“ಲಗಮಣ್ಣಾ, ಅವರು ಯಾವ ಬಸ್ಸಿಗೆ ಬರತಾರೋಪಾ?”